ಬ್ಯಾಕ್ಟೀರಿಯಾ ತನ್ನ ಜೀನ್‌ಗಳನ್ನು ಯಾವಾಗ ಬಳಸುತ್ತದೆ, ಯಾವಾಗ ಸುಮ್ಮನಿರಿಸುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರದ ಪಾಠ ಮಾಡುವಾಗ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನೂ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅವರ ಮನೆಗಳಿಗೆ ಹೋದಾಗ ಹಿರಿಯರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಇರಿಸಿದ್ದೇನೆ. ಕೆಲವಕ್ಕೆ ಎರಡು ಮಾತು ಸಾಕಾಗಿದೆ. ಕೆಲವನ್ನು ನಿಧಾನವಾಗಿ ಬಿಡಿಸದೆ ಬೇರೆ ದಾರಿಯಿರಲಿಲ್ಲ.

ಜೀನ್ ಅಭಿವ್ಯಕ್ತಿ ಎಂದರೇನು? ಅದರ ನಿಯಂತ್ರಣ ಎಂದರೇನು?

ಜೀನ್ ಎಂದರೆ ಡಿಎನ್‌ಎ ಎಂಬ ಉದ್ದನೆಯ ಎಳೆಯ ಒಂದು ಭಾಗ. ಒಂದು ಪ್ರೊಟೀನನ್ನು ಹೇಗೆ ಕಟ್ಟಬೇಕೆಂಬ ವಿವರ ಅದರಲ್ಲಿರುತ್ತದೆ. ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಆ ಭಾಗದ ನಕಲನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುತ್ತದೆ. ರೈಬೋಸೋಮ್ ಆ ನಕಲನ್ನು ಓದುತ್ತಾ ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೊಟೀನ್ ಕಟ್ಟುತ್ತದೆ. ಇಷ್ಟು ನಡೆದರೆ ಆ ಜೀನ್ ಅಭಿವ್ಯಕ್ತವಾಯಿತು ಎನ್ನುತ್ತೇವೆ. ಯಾವುದು ಯಾವಾಗ, ಎಷ್ಟರಮಟ್ಟಿಗೆ ಅಭಿವ್ಯಕ್ತವಾಗಬೇಕೆಂಬುದರ ಮೇಲಿನ ಹಿಡಿತವೇ ನಿಯಂತ್ರಣ.

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆ-12 ಎಂಬ ಪ್ರಯೋಗಾಲಯ ತಳಿಯ ಪೂರ್ಣ ಡಿಎನ್‌ಎ ಅನುಕ್ರಮ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಡಿಎನ್‌ಎಯ ಅಕ್ಷರಗಳೆನ್ನಬಹುದಾದ ಬೇಸ್ ಜೋಡಿಗಳು ಸುಮಾರು 46 ಲಕ್ಷ ಇವೆ, ಸುಮಾರು 4,300 ಜೀನ್‌ಗಳಿವೆ. ಯಾವುದೇ ಒಂದು ಹೊತ್ತಿನಲ್ಲಿ ಇವೆಲ್ಲವೂ ಒಂದೇ ಪ್ರಮಾಣದಲ್ಲಿ ಕೆಲಸದಲ್ಲಿರುವುದಿಲ್ಲ. ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಗೊರಬು, ಕಂಬಳಿಕೊಪ್ಪೆ ಬೇಸಿಗೆಯಿಡೀ ಇದ್ದೇ ಇರುತ್ತವೆ. ಮಳೆ ಹಿಡಿದಾಗ ಕೆಳಗಿಳಿಯುತ್ತವೆ. ಜೀನ್‌ಗಳದೂ ಬಹುಮಟ್ಟಿಗೆ ಇದೇ ರೀತಿ. ಆದರೆ ಒಂದು ಅಂತರವನ್ನು ಮೊದಲೇ ಹೇಳಿಬಿಡಬೇಕು: ಮನೆಯಲ್ಲಿ ಅಟ್ಟ ಹತ್ತಿ ಗೊರಬು ಇಳಿಸುವ ಒಬ್ಬರಿರುತ್ತಾರೆ, ಕೋಶದೊಳಗೆ ಅಂಥವರು ಯಾರೂ ಇಲ್ಲ. ಅಲ್ಲಿ ಒಂದು ಅಣು ಇನ್ನೊಂದಕ್ಕೆ ತಗುಲುತ್ತದೆ, ತಗುಲಿದ್ದರಿಂದ ಆಕಾರ ಬದಲಾಗುತ್ತದೆ, ಆಕಾರ ಬದಲಾದ್ದರಿಂದ ಮುಂದಿನದು ನಡೆಯುತ್ತದೆ ಅಥವಾ ನಿಲ್ಲುತ್ತದೆ. ವಿದ್ಯಾರ್ಥಿಗಳು “ಬ್ಯಾಕ್ಟೀರಿಯಾಕ್ಕೆ ಗೊತ್ತಾಗುತ್ತದೆ ಸರ್” ಎಂದಾಗಲೆಲ್ಲ “ಯಾವ ಅಣು ಯಾವುದಕ್ಕೆ ತಗುಲಿತು ಹೇಳಿ” ಎಂದು ಕೇಳುತ್ತೇನೆ. ಕೆಳಗಿನ ಉತ್ತರಗಳನ್ನೂ ಹಾಗೆಯೇ ಓದಬೇಕೆಂದು ಕೋರುತ್ತೇನೆ.

ಎಲ್ಲ ಜೀನ್‌ಗಳೂ ಸದಾ ಕೆಲಸ ಮಾಡುತ್ತಿದ್ದರೆ ನಷ್ಟವೇನು?

ಪ್ರೊಟೀನ್ ಕಟ್ಟುವುದು ಕೋಶದ ಅತಿ ದುಬಾರಿ ಕೆಲಸ. ಒಳ್ಳೆಯ ಆಹಾರದಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಬೇಡದ ಪ್ರೊಟೀನ್ ಕಟ್ಟುತ್ತಾ ಕುಳಿತ ಕೋಶ ಪ್ರತಿ ಸುತ್ತಿನಲ್ಲಿ ಒಂದಿಷ್ಟು ಹಿಂದೆ ಬಿದ್ದರೂ, ಕೆಲವೇ ದಿನಗಳಲ್ಲಿ ಮಿತವ್ಯಯದ ನೆರೆಯ ಕೋಶಗಳ ಸಂತತಿಯೇ ಎಲ್ಲೆಡೆ ತುಂಬಿಕೊಳ್ಳುತ್ತದೆ.

ಹಾಲಿನ ಸಕ್ಕರೆಯ ಉದಾಹರಣೆಯನ್ನೇ ಎಲ್ಲ ಪಠ್ಯಪುಸ್ತಕಗಳೂ ಏಕೆ ಕೊಡುತ್ತವೆ? ಅಲ್ಲಿ ನಡೆಯುವುದೇನು?

ಮೊದಲು ಬಿಡಿಸಿದ ಗಂಟು ಅದೇ ಆದ್ದರಿಂದ. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಬಳಸಲು ಇ. ಕೋಲಿಗೆ ಮುಖ್ಯವಾಗಿ ಎರಡು ಪ್ರೊಟೀನ್‌ಗಳು ಬೇಕು: ಲ್ಯಾಕ್ಟೋಸನ್ನು ಕೋಶದೊಳಗೆ ತರುವ ಪರ್ಮಿಯೇಸ್, ಒಳಗೆ ಬಂದದ್ದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವ ಬೀಟಾ-ಗ್ಯಾಲಕ್ಟೋಸಿಡೇಸ್. ಇವೆರಡರ ಜೀನ್‌ಗಳೂ ಮೂರನೆಯ ಇನ್ನೊಂದು ಜೀನೂ ಡಿಎನ್‌ಎಯಲ್ಲಿ ಅಕ್ಕಪಕ್ಕದಲ್ಲಿದ್ದು, ಒಂದೇ ಆರ್‌ಎನ್‌ಎ ಎಳೆಯಾಗಿ ಒಟ್ಟಿಗೆ ನಕಲಾಗುತ್ತವೆ. ಹೀಗೆ ಒಂದೇ ಹಿಡಿತದಲ್ಲಿ ಸಾಗುವ ಜೀನ್‌ಗಳ ಸಾಲಿಗೆ ಆಪರಾನ್ ಎಂದು ಹೆಸರು.

ಈ ಸಾಲಿನ ತಲೆಯಲ್ಲಿ ಪಾಲಿಮರೇಸ್ ಬಂದು ಹಿಡಿದುಕೊಳ್ಳುವ ಪ್ರೊಮೋಟರ್ ಇದೆ, ಅದಕ್ಕೆ ತಾಗಿಕೊಂಡಂತೆ ಆಪರೇಟರ್ ಎಂಬ ಚಿಕ್ಕ ಜಾಗವಿದೆ. ಲ್ಯಾಕ್ಟೋಸ್ ಇಲ್ಲದಿರುವಾಗ ನಾಲ್ಕು ಘಟಕಗಳಿಂದಾದ ದಮನಕ ಪ್ರೊಟೀನ್ ಆ ಜಾಗದ ಮೇಲೆ, ಕೆರೆಯ ತೂಬಿಗೆ ಬಡಿದ ಬಿರಡೆಯಂತೆ, ಕುಳಿತಿರುತ್ತದೆ. ಪಾಲಿಮರೇಸ್ ಮುಂದೆ ಸಾಗಲಾರದು. ಲ್ಯಾಕ್ಟೋಸ್ ಒಳಗೆ ಬಂದಾಗ ಅದರ ಒಂದಂಶ ಅಲೋಲ್ಯಾಕ್ಟೋಸ್ ಎಂಬ ಸೋದರ ಸಕ್ಕರೆಯಾಗಿ ಮಾರ್ಪಡುತ್ತದೆ. ಅಲೋಲ್ಯಾಕ್ಟೋಸ್ ದಮನಕಕ್ಕೆ ಅಂಟಿಕೊಂಡೊಡನೆ ದಮನಕದ ಆಕಾರ ಬದಲಾಗಿ ಡಿಎನ್‌ಎಯ ಮೇಲಿನ ಅದರ ಹಿಡಿತ ಸಡಿಲಾಗುತ್ತದೆ. ಬಿರಡೆ ಕಿತ್ತಂತಾಯಿತು. ಬೀಟಾ-ಗ್ಯಾಲಕ್ಟೋಸಿಡೇಸ್‌ನ ಪ್ರಮಾಣ ಸುಮಾರು 1,000 ಪಟ್ಟಿನವರೆಗೆ ಏರುತ್ತದೆ.

ಇಲ್ಲಿ ಚುರುಕಾದ ವಿದ್ಯಾರ್ಥಿಗಳು ತಡೆದು ಕೇಳುತ್ತಾರೆ: ಪರ್ಮಿಯೇಸ್ ಇಲ್ಲದೆ ಲ್ಯಾಕ್ಟೋಸ್ ಒಳಗೆ ಬರುವುದು ಹೇಗೆ? ಅಲೋಲ್ಯಾಕ್ಟೋಸನ್ನು ತಯಾರಿಸುವುದೂ ಬೀಟಾ-ಗ್ಯಾಲಕ್ಟೋಸಿಡೇಸೇ ಅಲ್ಲವೆ? ಪ್ರಶ್ನೆ ಬಹಳ ಸರಿಯಾದದ್ದು. ಉತ್ತರವೂ ತೂಬಿನಲ್ಲೇ ಇದೆ: ಬಿರಡೆ ಎಷ್ಟೇ ಬಿಗಿಯಾಗಿದ್ದರೂ ನೀರು ಒಂದಿಷ್ಟು ಜಿನುಗುತ್ತದೆ. ದಮನಕ ಆಗಾಗ ಕ್ಷಣಕಾಲ ಡಿಎನ್‌ಎಯಿಂದ ಕಳಚಿಕೊಳ್ಳುವುದರಿಂದ ಪ್ರತಿ ಕೋಶದಲ್ಲಿ ಬೆರಳೆಣಿಕೆಯಷ್ಟು ಕಿಣ್ವಗಳು ತಯಾರಾಗಿರುತ್ತವೆ. ಈ ಜಿನುಗೇ ಮೊದಲ ಸುದ್ದಿಯನ್ನು ಒಳಗೆ ತರುತ್ತದೆ. ಬಿರಡೆ ಪೂರ್ಣ ಬಿಗಿಯಾಗಿದ್ದರೆ ಲ್ಯಾಕ್ಟೋಸಿನ ಕಡಲಿನಲ್ಲಿ ಮುಳುಗಿದ್ದರೂ ಕೋಶಕ್ಕೆ ಅದು ದಕ್ಕುತ್ತಿರಲಿಲ್ಲ.

ಲ್ಯಾಕ್ಟೋಸ್ ಮುಗಿದ ಮೇಲೆ ದಮನಕ ಮರಳಿ ತನ್ನ ಜಾಗಕ್ಕೆ ಬರುತ್ತದೆ. ಆಗಲೇ ತೆಗೆದ ಆರ್‌ಎನ್‌ಎ ನಕಲುಗಳು ಕೆಲವೇ ನಿಮಿಷಗಳಲ್ಲಿ ಚೂರಾಗುತ್ತವೆ. ಕಟ್ಟಿಯಾಗಿರುವ ಕಿಣ್ವ ಮಾತ್ರ ಉಳಿದಿದ್ದು, ಕೋಶ ಎರಡಾಗುತ್ತಾ ಹೋದಂತೆ ಮಕ್ಕಳಲ್ಲಿ ಪಾಲಾಗಿ ವಿರಳವಾಗುತ್ತದೆ.

ಗ್ಲೂಕೋಸ್, ಲ್ಯಾಕ್ಟೋಸ್ ಎರಡನ್ನೂ ಒಟ್ಟಿಗೆ ಕೊಟ್ಟರೆ?

ಇ. ಕೋಲಿ ಮೊದಲು ಗ್ಲೂಕೋಸನ್ನು ಮುಗಿಸಿಕೊಳ್ಳುತ್ತದೆ. ಬಳಿಕ ಬೆಳವಣಿಗೆ ಸ್ವಲ್ಪ ಹೊತ್ತು ನಿಂತಂತಾಗಿ, ಆಮೇಲೆ ಲ್ಯಾಕ್ಟೋಸಿನ ಮೇಲೆ ಮತ್ತೆ ಆರಂಭವಾಗುತ್ತದೆ. ಇಂಥ ಎರಡು ಹಂತದ ಬೆಳವಣಿಗೆಯನ್ನು ಪ್ಯಾರಿಸ್‌ನಲ್ಲಿ ಜಾಕ್ ಮೊನೊ 1940ರ ದಶಕದ ಆರಂಭದಲ್ಲಿ ಅಳೆದು ದಾಖಲಿಸಿದರು. ನಡುವಿನ ಆ ಸಣ್ಣ ವಿರಾಮದಿಂದಲೇ ಮುಂದೆ ಇಡೀ ಶಾಸ್ತ್ರಕ್ಕೆ ದಾರಿ ತೆರೆಯಿತು.

ಕಾರಣ ಹೀಗಿದೆ. ದಮನಕ ಎದ್ದುಹೋದರಷ್ಟೇ ಸಾಲದು. ಲ್ಯಾಕ್ಟೋಸ್ ಆಪರಾನಿನ ಪ್ರೊಮೋಟರ್ ತಾನಾಗಿ ದುರ್ಬಲವಾದದ್ದರಿಂದ ಪಾಲಿಮರೇಸನ್ನು ಹಿಡಿದು ನಿಲ್ಲಿಸಲು ಅದಕ್ಕೆ ಇನ್ನೊಂದು ಪ್ರೊಟೀನಿನ ಆಸರೆ ಬೇಕು. ಆ ಪ್ರೊಟೀನಿಗೆ ಕ್ಯಾಪ್ ಎಂದು ಹೆಸರು. ಆವರ್ತ ಎಎಂಪಿ ಎಂಬ ಪುಟ್ಟ ಅಣು ಅಂಟಿಕೊಂಡಾಗ ಮಾತ್ರ ಅದು ಡಿಎನ್‌ಎಯನ್ನು ಹಿಡಿಯುತ್ತದೆ. ಗ್ಲೂಕೋಸ್ ಒಳಗೆ ಬರುತ್ತಿರುವಷ್ಟು ಕಾಲ ಆವರ್ತ ಎಎಂಪಿ ಕಡಿಮೆ ಇರುತ್ತದೆ. ಅದಲ್ಲದೆ, ಗ್ಲೂಕೋಸನ್ನು ಒಳಗೆಳೆಯುವ ವ್ಯವಸ್ಥೆಯ ಒಂದು ಪ್ರೊಟೀನ್ ಹೋಗಿ ಲ್ಯಾಕ್ಟೋಸ್ ಪರ್ಮಿಯೇಸಿಗೆ ತಗುಲಿಕೊಂಡು ಅದನ್ನು ತಡೆಯುತ್ತದೆ. ಹೀಗೆ ಹೊಸ್ತಿಲಲ್ಲೊಂದು ತಡೆ, ಡಿಎನ್‌ಎಯ ಮೇಲೊಂದು ತಡೆ.

ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೆಯೇ ಎಂದು ತಿಳಿಯಬಾರದು. ಮೊಸರಿನಲ್ಲಿ ಸಿಗುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಹಾಲಿನಲ್ಲೇ ಪಳಗಿದ ಜೀವಿ. ಅದಕ್ಕೆ ಗ್ಲೂಕೋಸಿಗಿಂತ ಲ್ಯಾಕ್ಟೋಸೇ ಹೆಚ್ಚು ಒಗ್ಗುತ್ತದೆ.

ಇದನ್ನೆಲ್ಲ ಕಂಡುಹಿಡಿದವರು ಯಾರು?

ಪ್ಯಾರಿಸ್‌ನ ಪ್ಯಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾ ಜಾಕೊಬ್ ಮತ್ತು ಜಾಕ್ ಮೊನೊ. ಅವರೂ ಅಮೆರಿಕದ ಆರ್ಥರ್ ಪಾರ್ಡಿಯೂ ಸೇರಿ 1959ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿದ್ಯಾರ್ಥಿಗಳು ತಪ್ಪದೆ ತಿಳಿಯಬೇಕು. ದಮನಕವನ್ನೂ ಕಿಣ್ವವನ್ನೂ ಕಟ್ಟಲಾರದ ಕೋಶಕ್ಕೆ, ಎರಡರ ಸರಿಯಾದ ಜೀನ್‌ಗಳನ್ನೂ ಬೇರೊಂದು ಕೋಶದಿಂದ ಸಾಗಿಸಿದರು. ಲ್ಯಾಕ್ಟೋಸ್ ಇಲ್ಲದಿದ್ದರೂ ಕಿಣ್ವ ಒಡನೆಯೇ ತಯಾರಾಗತೊಡಗಿತು, ಆದರೆ ಸ್ವಲ್ಪ ಸಮಯದ ಮೇಲೆ ನಿಂತುಹೋಯಿತು. ಹೊಸ ಕೋಶದೊಳಗೆ ದಮನಕ ಮೆಲ್ಲಗೆ ಸಂಗ್ರಹವಾದದ್ದೇ ಅದಕ್ಕೆ ಕಾರಣ. ಕೋಶದ್ರವದಲ್ಲಿ ಓಡಾಡಿಕೊಂಡು ಬಂದು ಜೀನನ್ನು ಮುಚ್ಚುವ ಒಂದು ವಸ್ತು ಇದೆ ಎಂಬುದು ಹೀಗೆ ಗೊತ್ತಾಯಿತು. ಆಪರಾನಿನ ಪೂರ್ಣ ವಿವರಣೆ 1961ರಲ್ಲಿ ಬಂತು. 1965ರ ನೊಬೆಲ್ ಪ್ರಶಸ್ತಿಯನ್ನು ಜಾಕೊಬ್, ಮೊನೊ ಇಬ್ಬರೂ ಆಂದ್ರೆ ಲ್ವೋಫ್ ಅವರೂ ಹಂಚಿಕೊಂಡರು. ಆಗಿನ್ನೂ ದಮನಕವನ್ನು ಯಾರೂ ಬೇರ್ಪಡಿಸಿ ಕಂಡಿರಲಿಲ್ಲ. 1966ರಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ ಅದನ್ನು ಹಿಡಿದರು. ಒಂದು ಕೋಶದಲ್ಲಿ ಅದು ಇರುವುದು ಹತ್ತರ ಆಸುಪಾಸಿನಲ್ಲಿ ಮಾತ್ರ ಎಂಬುದನ್ನು ನೆನೆದರೆ ಆ ಕೆಲಸದ ಕಷ್ಟ ಅರಿವಾಗುತ್ತದೆ.

ಕೋಶ ತಾನೇ ತಯಾರಿಸಿಕೊಳ್ಳಬೇಕಾದ ವಸ್ತುಗಳ ವಿಷಯದಲ್ಲಿ ಏನಾಗುತ್ತದೆ?

ಅಲ್ಲಿ ಲೆಕ್ಕ ತಿರುಗುಮುರುಗು. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ತಯಾರಿಸುವ ಐದು ಜೀನ್‌ಗಳು ಇ. ಕೋಲಿಯಲ್ಲಿ ಒಂದೇ ಆಪರಾನಿನಲ್ಲಿವೆ. ಟ್ರಿಪ್ಟೊಫಾನ್ ಸಾಕಷ್ಟಿದ್ದಾಗ ಆ ಅಣುವೇ ಹೋಗಿ ದಮನಕಕ್ಕೆ ಅಂಟಿಕೊಳ್ಳುತ್ತದೆ, ಅಂಟಿಕೊಂಡ ಮೇಲಷ್ಟೇ ದಮನಕಕ್ಕೆ ಡಿಎನ್‌ಎಯ ಮೇಲೆ ಕೂರಲು ತಕ್ಕ ಆಕಾರ ಬರುತ್ತದೆ. ಕಣಜ ತುಂಬಿದಾಗ ತಯಾರಿಕೆ ನಿಲ್ಲುತ್ತದೆ.

ಇದರ ಮೇಲೆ ಇನ್ನೊಂದು ಸೂಕ್ಷ್ಮವಾದ ಹಿಡಿತವಿದೆ. ಅದನ್ನು ಬಿಡಿಸಿದವರು ಚಾರ್ಲ್ಸ್ ಯಾನೊಫ್ಸ್ಕಿ. ಈ ಭಾಗವನ್ನು ಎಷ್ಟು ವರ್ಷ ಪಾಠ ಮಾಡಿದರೂ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಐದು ಜೀನ್‌ಗಳಿಗಿಂತ ಮೊದಲು ಬರುವ ಆರ್‌ಎನ್‌ಎಯ ತುದಿಯಲ್ಲಿ ಕೇವಲ 14 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೊಟೀನಿನ ಪಾಠವಿದೆ, ಅದರಲ್ಲಿ ಟ್ರಿಪ್ಟೊಫಾನ್ ಅಕ್ಕಪಕ್ಕದಲ್ಲಿ ಎರಡು ಸಲ ಬರುತ್ತದೆ. ಪಾಲಿಮರೇಸ್ ಮುಂದೆ ನಕಲು ತೆಗೆಯುತ್ತಾ ಸಾಗುತ್ತಿರುವಾಗಲೇ ಹಿಂದಿನಿಂದ ರೈಬೋಸೋಮ್ ಅದನ್ನು ಓದಲು ತೊಡಗುತ್ತದೆ. ಟ್ರಿಪ್ಟೊಫಾನ್ ಧಾರಾಳವಾಗಿದ್ದರೆ ರೈಬೋಸೋಮ್ ಆ ಎರಡು ಜಾಗಗಳನ್ನು ಸಲೀಸಾಗಿ ದಾಟುತ್ತದೆ, ಮುಂದಿನ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಪಾಲಿಮರೇಸನ್ನು ಡಿಎನ್‌ಎಯಿಂದ ಕಳಚಿಬಿಡುತ್ತದೆ. ಟ್ರಿಪ್ಟೊಫಾನ್ ಕೊರತೆಯಿದ್ದರೆ ರೈಬೋಸೋಮ್ ಅಲ್ಲೇ ತಡವರಿಸಿ ನಿಲ್ಲುತ್ತದೆ. ಅದು ನಿಂತ ಕಾರಣ ಆರ್‌ಎನ್‌ಎ ಬೇರೊಂದು ಬಗೆಯಲ್ಲಿ ಮಡಚಿಕೊಳ್ಳುತ್ತದೆ, ಕಳಚುವ ಮಡಿಕೆ ಮೂಡುವುದೇ ಇಲ್ಲ, ಪಾಲಿಮರೇಸ್ ಐದೂ ಜೀನ್‌ಗಳ ಮೇಲೆ ಸಾಗಿಹೋಗುತ್ತದೆ. ದಮನಕದಿಂದ ಸುಮಾರು 70 ಪಟ್ಟು, ಈ ಮಡಿಕೆಯಿಂದ ಇನ್ನೂ ಸುಮಾರು 10 ಪಟ್ಟು, ಒಟ್ಟು ಸುಮಾರು 700 ಪಟ್ಟಿನ ಏರಿಳಿತ ಕೋಶದ ಕೈಯಲ್ಲಿರುತ್ತದೆ.

ನಮ್ಮ ಕೋಶಗಳಲ್ಲೂ ಹೀಗೆಯೇ ನಡೆಯುತ್ತದೆಯೆ?

ಮೇಲೆ ಹೇಳಿದ ಮಡಿಕೆಯ ವಿಧಾನ ನಮ್ಮಲ್ಲಿ ಸಾಧ್ಯವಿಲ್ಲ. ನಮ್ಮ ಕೋಶದಲ್ಲಿ ಆರ್‌ಎನ್‌ಎ ನಕಲು ಕೋಶಕೇಂದ್ರದೊಳಗೆ ತಯಾರಾಗಿ, ಹೊರಗೆ ಬಂದ ಮೇಲೆ ರೈಬೋಸೋಮಿಗೆ ಸಿಗುತ್ತದೆ. ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವೇ ಇಲ್ಲದ್ದರಿಂದ ಬರೆಯುವುದೂ ಓದುವುದೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತವೆ.

ಮಳೆಗಾಲದಲ್ಲಿ ಮೊಸರು ಹೆಪ್ಪಾಗುವುದಿಲ್ಲ. ಇದಕ್ಕೂ ಜೀನ್‌ಗಳಿಗೂ ಸಂಬಂಧವಿದೆಯೆ?

ಇದು ಆಗುಂಬೆಯ ಹತ್ತಿರದ ಮನೆಯೊಂದರಲ್ಲಿ ವಿದ್ಯಾರ್ಥಿಯ ಅಜ್ಜಿ ಕೇಳಿದ ಪ್ರಶ್ನೆ. ಅವರು ಹೆಪ್ಪು ಹಾಕಿದ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಬಚ್ಚಲ ಒಲೆಯ ಪಕ್ಕದಲ್ಲಿ ಇಟ್ಟಿದ್ದರು. ಉತ್ತರದ ಬಹುಪಾಲು ಸರಳ: ತಂಪಿನಲ್ಲಿ ಎಲ್ಲ ರಾಸಾಯನಿಕ ಕ್ರಿಯೆಗಳೂ ನಿಧಾನವಾಗುತ್ತವೆ, ಬ್ಯಾಕ್ಟೀರಿಯಾ ನಿಧಾನವಾಗಿ ಹೆಚ್ಚುತ್ತದೆ, ಹುಳಿ ನಿಧಾನವಾಗಿ ಏರುತ್ತದೆ. ಎಲ್ಲವನ್ನೂ ಜೀನ್ ನಿಯಂತ್ರಣದ ತಲೆಗೆ ಕಟ್ಟುವುದು ಸರಿಯಲ್ಲ.

ಆದರೂ ತಂಪು ಬ್ಯಾಕ್ಟೀರಿಯಾದ ಜೀನ್‌ಗಳನ್ನು ಮುಟ್ಟದೆ ಬಿಡುವುದಿಲ್ಲ. ಉಷ್ಣತೆ ಥಟ್ಟನೆ ಇಳಿದಾಗ ಆರ್‌ಎನ್‌ಎ ಎಳೆಗಳು ಗಂಟುಗಂಟಾಗಿ ಮಡಚಿಕೊಂಡು ರೈಬೋಸೋಮಿಗೆ ಓದಲು ಬಾರದಂತಾಗುತ್ತವೆ. ಆಗ ಇ. ಕೋಲಿ ಶೀತಾಘಾತ ಪ್ರೊಟೀನ್‌ಗಳನ್ನು ಹೇರಳವಾಗಿ ತಯಾರಿಸುತ್ತದೆ. ಅವು ಆರ್‌ಎನ್‌ಎಗೆ ಅಂಟಿಕೊಂಡು ಎಳೆ ಬಿಡಿಸಿಕೊಂಡಿರುವಂತೆ ನೋಡಿಕೊಳ್ಳುತ್ತವೆ. ಇವುಗಳಲ್ಲಿ ಮುಖ್ಯವಾದ ಒಂದರ ಆರ್‌ಎನ್‌ಎ ಮಾತ್ರ ವಿಶೇಷ: ತಂಪಿನಲ್ಲಿ ಅದು ಪಡೆಯುವ ಆಕಾರವೇ ಓದಲು ಹೆಚ್ಚು ಅನುಕೂಲವಾದದ್ದು. ಹಾಲನ್ನು ಹುಳಿ ಮಾಡುವ ಲ್ಯಾಕ್ಟೊಕಾಕಸ್‌ನಲ್ಲೂ ಇದೇ ಬಳಗದ ಪ್ರೊಟೀನ್‌ಗಳಿವೆ.

ಬಿಸಿಯದು ಇನ್ನೊಂದು ಕಥೆ. ಪಾಲಿಮರೇಸಿಗೆ ಪ್ರೊಮೋಟರನ್ನು ತೋರಿಸಿಕೊಡುವ ಸಹಾಯಕ ಪ್ರೊಟೀನಿಗೆ ಸಿಗ್ಮಾ ಎಂದು ಹೆಸರು. ಇ. ಕೋಲಿಯಲ್ಲಿ ಏಳು ಬಗೆಯ ಸಿಗ್ಮಾಗಳಿವೆ. ದಿನನಿತ್ಯದ ಕೆಲಸಕ್ಕೆ ಸಿಗ್ಮಾ-70 ಸಾಕು. ಕೋಶ ಬಿಸಿಯಾದಾಗ ಸಿಗ್ಮಾ-32 ಮುಂದೆ ಬಂದು ಪಾಲಿಮರೇಸನ್ನು ಬೇರೆ ಜೀನ್‌ಗಳ ಕಡೆಗೆ ಒಯ್ಯುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಪ್ರೊಟೀನ್‌ಗಳ ಮಡಿಕೆ ಸರಿಪಡಿಸುವ ಡಿಎನ್‌ಎಕೆ ಎಂಬ ಪ್ರೊಟೀನ್ ಸಿಗ್ಮಾ-32ನ್ನು ಹಿಡಿದು ಸುಮ್ಮನಿರಿಸಿರುತ್ತದೆ. ಬಿಸಿಗೆ ಕೋಶದ ಪ್ರೊಟೀನ್‌ಗಳು ಕೆಡತೊಡಗಿದಾಗ ಡಿಎನ್‌ಎಕೆ ಅವುಗಳ ಶುಶ್ರೂಷೆಗೆ ಓಡುತ್ತದೆ, ಸಿಗ್ಮಾ-32 ಬಿಡುಗಡೆಯಾಗುತ್ತದೆ.

ಹೊರಗೆ ಏನಾಗಿದೆ ಎಂಬುದು ಕೋಶದ ಒಳಗಿನ ಡಿಎನ್‌ಎಗೆ ತಲುಪುವುದು ಹೇಗೆ?

ಬಹಳಷ್ಟು ಸಲ ಎರಡು ಪ್ರೊಟೀನ್‌ಗಳ ಜೋಡಿಯಿಂದ. ಒಂದು ಕೋಶದ ಪೊರೆಯಲ್ಲಿ ನಾಟಿಕೊಂಡು ಹೊರಗಿನ ಸ್ಥಿತಿಗೆ ಸ್ಪಂದಿಸುತ್ತದೆ, ತನ್ನ ಮೈಮೇಲೆ ಒಂದು ಫಾಸ್ಫೇಟ್ ಗುಂಪನ್ನು ಏರಿಸಿಕೊಂಡು ಒಳಗಿನ ಜೊತೆಗಾರನಿಗೆ ದಾಟಿಸುತ್ತದೆ. ಫಾಸ್ಫೇಟ್ ಪಡೆದ ಜೊತೆಗಾರ ಡಿಎನ್‌ಎಯನ್ನು ಹಿಡಿಯುತ್ತಾನೆ. ಇ. ಕೋಲಿಯಲ್ಲಿ ಇಂಥ ಸುಮಾರು 30 ಜೋಡಿಗಳಿವೆ.

ನಮ್ಮ ಭಾಗದ ಇಲಿಜ್ವರದ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ ಹೊರಗಿನ ಬದಲಾವಣೆಗೆ ಸ್ಪಂದಿಸುವ ರೀತಿಯೂ ತಿಳಿಯತಕ್ಕದ್ದು. ಇಲಿಯ ಮೂತ್ರದಿಂದ ಗದ್ದೆಯ ನೀರಿಗೆ ಬಂದ ಅದು ತಂಪಾದ, ಉಪ್ಪಿಲ್ಲದ ನೀರಿನಲ್ಲಿರುತ್ತದೆ. ನಾಟಿ ಮಾಡುವವರ ಕಾಲಿನ ಗಾಯದ ಮೂಲಕ ಮೈಯೊಳಗೆ ಹೊಕ್ಕೊಡನೆ ಉಪ್ಪಿನಂಶ ಏರುತ್ತದೆ, ಉಷ್ಣತೆ 37 ಡಿಗ್ರಿಗೆ ಬರುತ್ತದೆ. ಉಪ್ಪಿನಂಶದ ಈ ಏರಿಕೆಗೇ ಲಿಗ್-ಎ, ಲಿಗ್-ಬಿ ಎಂಬ ಪ್ರೊಟೀನ್‌ಗಳು ಹೆಚ್ಚುತ್ತವೆ. ದೇಹದ ಅಂಗಾಂಶಗಳಿಗೆ ಅಂಟಿಕೊಳ್ಳಲು ನೆರವಾಗುವುದು ಇವೇ. ಗದ್ದೆಯ ನೀರಿನಲ್ಲಿ ಅವುಗಳ ಅಗತ್ಯವಿರಲಿಲ್ಲ.

ನಿನ್ನೆ ಹಸಿರಾಗಿದ್ದ ಶುಂಠಿ ಇಂದು ಬಾಡಿ ಬೀಳುತ್ತದೆ. ಇಷ್ಟು ಬೇಗ ಏಕೆ?

ದುಂಡಾಣು ಸೊರಗು ರೋಗವಾಗಿದ್ದರೆ ಬೇಗವೆಂಬುದು ಕಣ್ಣಿಗೆ ಕಾಣುವ ಮಾತು ಮಾತ್ರ; ಒಳಗೆ ಅದು ಬಹಳ ಮೊದಲೇ ತೊಡಗಿರುತ್ತದೆ. ರಾಲ್‌ಸ್ಟೋನಿಯಾ ಎಂಬ ಈ ಬ್ಯಾಕ್ಟೀರಿಯಾ ಬೇರಿನ ಮೂಲಕ ಹೊಕ್ಕು ನೀರು ಸಾಗುವ ನಾಳಗಳನ್ನು ಸೇರುತ್ತದೆ. ಪ್ರತಿಯೊಂದು ಕೋಶವೂ ಒಂದು ಸಂಕೇತ ಅಣುವನ್ನು ಹೊರಬಿಡುತ್ತಿರುತ್ತದೆ. ಕೋಶಗಳು ವಿರಳವಾಗಿದ್ದಾಗ ಆ ಅಣು ಚದುರಿಹೋಗುತ್ತದೆ. ಇಕ್ಕಟ್ಟಾದ ನಾಳದಲ್ಲಿ ಅವುಗಳ ಸಂಖ್ಯೆ ಮಿಲಿಲೀಟರಿಗೆ ಕೋಟಿಯ ಲೆಕ್ಕಕ್ಕೆ ಏರಿದಾಗ ಸಂಕೇತ ಅಣು ಸಾಂದ್ರವಾಗಿ, ಮೇಲೆ ಹೇಳಿದಂಥ ಫಾಸ್ಫೇಟ್ ಜೋಡಿಯ ಮೂಲಕ ಪಿಎಚ್‌ಸಿ-ಎ ಎಂಬ ಮುಖ್ಯ ನಿಯಂತ್ರಕ ಪ್ರೊಟೀನನ್ನು ಜಾಗೃತಗೊಳಿಸುತ್ತದೆ. ಆಗ ಲೋಳೆಯಂಥ ಶರ್ಕರ ವಸ್ತು ಹೇರಳವಾಗಿ ತಯಾರಾಗಿ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ, ನೀರು ಮೇಲೇರದೆ ಗಿಡ ಬಾಡುತ್ತದೆ. ಸಂಖ್ಯೆ ಕೂಡುವವರೆಗೆ ತಡೆದಿಟ್ಟುಕೊಳ್ಳುವ ಈ ಕ್ರಮಕ್ಕೆ ಕೋರಂ ಸಂವೇದನೆ ಎನ್ನುತ್ತಾರೆ.

ಇದನ್ನು ಕಣ್ಣಾರೆ ನೋಡಬಹುದು. ಬಾಡಿದ ಶುಂಠಿಯ ಕಾಂಡವನ್ನು ಬುಡದಲ್ಲಿ ಓರೆಯಾಗಿ ಕೊಯ್ದು, ತಿಳಿನೀರಿನ ಗಾಜಿನ ಲೋಟದಲ್ಲಿ ಕೊಯ್ದ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಹಾಲಿನ ಬಣ್ಣದ ಎಳೆಗಳು ತುದಿಯಿಂದ ಹೊರಟು ನೇರವಾಗಿ ಕೆಳಗಿಳಿಯುತ್ತವೆ. ಆ ಎಳೆಯೆಲ್ಲ ಬ್ಯಾಕ್ಟೀರಿಯಾ ಮತ್ತು ಅದರ ಲೋಳೆ. ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿಯಿಂದ ಬರುವ ಗೆಡ್ಡೆ ಕೊಳೆಯಲ್ಲಿ ಹೀಗೆ ಎಳೆ ಇಳಿಯುವುದಿಲ್ಲ, ಆದ್ದರಿಂದ ಔಷಧಿಗೆ ಹಣ ಸುರಿಯುವ ಮೊದಲು ಈ ಪರೀಕ್ಷೆ ಮಾಡುವುದು ಒಳ್ಳೆಯದು. ಅದೇ ದ್ರವವನ್ನು, ಟೆಟ್ರಜೋಲಿಯಂ ಎಂಬ ಬಣ್ಣ ಕೊಡುವ ವಸ್ತು ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಹರಡಿದರೆ ನಡುವೆ ಗುಲಾಬಿಯಿರುವ, ಅಂಚು ಬಿಳಿಯಾದ, ಹರಿಯುವಂಥ ಲೋಳೆಯ ವಸಾಹತುಗಳು ಬೆಳೆಯುತ್ತವೆ. ಬಹುಕಾಲ ಪ್ರಯೋಗಾಲಯದಲ್ಲೇ ಸಾಕಿದಾಗ ಕೆಲವು ವಸಾಹತುಗಳು ಚಿಕ್ಕದಾಗಿ, ದುಂಡಗೆ, ಕಡುಗೆಂಪಾಗಿ ಮೂಡುತ್ತವೆ. ಅವುಗಳಲ್ಲಿ ಹೆಚ್ಚಾಗಿ ಪಿಎಚ್‌ಸಿ-ಎ ಜೀನೇ ಕೆಟ್ಟಿರುತ್ತದೆ. ಲೋಳೆ ಕಟ್ಟುವ ಜೀನ್‌ಗಳು ಹಾಗೆಯೇ ಇದ್ದರೂ ಆ ಕೋಶಗಳು ಗಿಡವನ್ನು ಬಾಡಿಸಲಾರವು.

ಮಳೆಗಾಲದ ರಾತ್ರಿ ಕಾಡಿನಲ್ಲಿ ಹೊಳೆಯುವ ಕೊಳೆತ ಕೊಂಬೆಗಳೂ ಬ್ಯಾಕ್ಟೀರಿಯಾದ ಕೆಲಸವೆ?

ಪಶ್ಚಿಮಘಟ್ಟದ ಕಾಡಿನಲ್ಲಿ ಕಾಣುವ ಆ ಹಸಿರು ಬೆಳಕು ಶಿಲೀಂಧ್ರದ್ದು. ಬೆಳಗುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಸಮುದ್ರವಾಸಿಗಳು. ಕೋರಂ ಸಂವೇದನೆ ಮೊದಲು ಸ್ಪಷ್ಟವಾಗಿ ಕಂಡದ್ದು ಅವುಗಳಲ್ಲೇ: ವಿಬ್ರಿಯೊ ಫಿಶೆರಿ ಎಂಬುದು ಸಾಗರದಲ್ಲಿ ಒಂಟಿಯಾಗಿ ತೇಲುವಾಗ ಬೆಳಗುವುದಿಲ್ಲ, ಒಂದು ಜಾತಿಯ ಪುಟ್ಟ ಸ್ಕ್ವಿಡ್‌ನ ಮೈಯೊಳಗಿನ ಅಂಗದಲ್ಲಿ ದಟ್ಟವಾಗಿ ತುಂಬಿಕೊಂಡಾಗ ಬೆಳಗುತ್ತದೆ.

ಅಡಿಕೆಯ ಕೊಳೆರೋಗ, ಮಂಗನ ಕಾಯಿಲೆ ಇವೂ ಬ್ಯಾಕ್ಟೀರಿಯಾದಿಂದ ಬರುತ್ತವೆಯೆ?

ಇಲ್ಲ. ಕೊಳೆರೋಗ ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿಯಿಂದ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವ ವೈರಸ್ ರೋಗ.

ಅಲಸಂದೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗೊಬ್ಬರ ತಯಾರಿಸುತ್ತದೆ ಎನ್ನುತ್ತಾರೆ. ಬರಿಯ ಮಣ್ಣಿನಲ್ಲಿ ಅದು ಏಕೆ ತಯಾರಿಸುವುದಿಲ್ಲ?

ಗದ್ದೆಯ ಕೊಯ್ಲಾದ ಮೇಲೆ ಬಿತ್ತಿದ ಅಲಸಂದೆಯ ಗಿಡವೊಂದನ್ನು ಮೆಲ್ಲಗೆ ಕಿತ್ತು, ಬೇರು ತೊಳೆದು, ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಮಾಂಸದಂಥ ನಸುಗೆಂಪು ಕಾಣುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ನೆಂಟನಾದ ಲೆಗ್‌ಹಿಮೋಗ್ಲೋಬಿನ್ನಿನ ಬಣ್ಣ ಅದು. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟು, ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಬೇಕಾದಷ್ಟನ್ನೇ ಒದಗಿಸುತ್ತದೆ.

ಗಂಟು ಮೂಡುವ ಮೊದಲೇ ಮಾತುಕತೆ ತೊಡಗಿರುತ್ತದೆ. ಬೇರು ಸೂಸುವ ಫ್ಲೇವನಾಯ್ಡ್ ಎಂಬ ವಸ್ತುಗಳು ಬ್ಯಾಕ್ಟೀರಿಯಾದೊಳಗಿನ ನಾಡ್-ಡಿ ಪ್ರೊಟೀನಿಗೆ ತಗುಲುತ್ತವೆ. ಅದು ಗಂಟಿನ ಜೀನ್‌ಗಳನ್ನು ತೆರೆಯುತ್ತದೆ. ಅವುಗಳಿಂದ ತಯಾರಾದ ನಾಡ್ ಅಂಶ ಬೇರಿಗೆ ಮರಳಿ ಸುದ್ದಿ ಮುಟ್ಟಿಸುತ್ತದೆ, ಬೇರಿನ ರೋಮ ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಒಳಗೆ ಹೋದ ಮೇಲಿನ ಹಿಡಿತ ಫಿಕ್ಸ್-ಎಲ್ ಮತ್ತು ಫಿಕ್ಸ್-ಜೆ ಎಂಬ ಇನ್ನೊಂದು ಫಾಸ್ಫೇಟ್ ಜೋಡಿಯದು. ಫಿಕ್ಸ್-ಎಲ್‌ನಲ್ಲಿ ಕಬ್ಬಿಣ ಹೊತ್ತ ಹೀಮ್ ಇದೆ. ಆಮ್ಲಜನಕ ಅದಕ್ಕೆ ಕಚ್ಚಿಕೊಂಡಿರುವ ತನಕ ಫಾಸ್ಫೇಟ್ ದಾಟುವುದಿಲ್ಲ. ಗಂಟಿನೊಳಗೆ ಆಮ್ಲಜನಕ ಇಳಿದಾಗ ಕಳಚಿ, ಫಾಸ್ಫೇಟ್ ದಾಟಿ, ಸಾರಜನಕ ಸ್ಥಿರೀಕರಣದ ಜೀನ್‌ಗಳು ತೆರೆಯುತ್ತವೆ. ಗಾಳಿಯಾಡುವ ಬರಿಯ ಮಣ್ಣಿನಲ್ಲಿ ಅವು ಮುಚ್ಚಿರುವುದು ಇದಕ್ಕಾಗಿ. ಸೀಳಿದ ಗಂಟು ಒಳಗೆ ಹಸಿರಾಗಿ ಅಥವಾ ಕಂದಾಗಿ ಇದ್ದರೆ ಅದು ಮುಪ್ಪಾಗಿದೆ, ಕೆಲಸ ನಿಲ್ಲಿಸಿದೆ ಎಂದು ತಿಳಿಯಬಹುದು.

ಬ್ಯಾಕ್ಟೀರಿಯಾ ಗಿಡದ ಜೀನ್‌ಗಳನ್ನೂ ತೆರೆಯಬಲ್ಲುದೆ?

ಭತ್ತದ ದುಂಡಾಣು ಅಂಗಮಾರಿ ರೋಗದ ಕ್ಸಾಂತೊಮೊನಾಸ್ ಇದನ್ನು ಮಾಡುತ್ತದೆ. ಅದು ತನ್ನ ಕೆಲವು ಪ್ರೊಟೀನ್‌ಗಳನ್ನು ಭತ್ತದ ಕೋಶದೊಳಗೆ ಚುಚ್ಚಿ ಕಳಿಸುತ್ತದೆ. ಅವು ಕೋಶಕೇಂದ್ರಕ್ಕೆ ಹೋಗಿ, ಸಕ್ಕರೆಯನ್ನು ಕೋಶದಿಂದ ಹೊರಬಿಡುವ ಸ್ವೀಟ್ ಎಂಬ ಜೀನ್‌ಗಳ ಪ್ರೊಮೋಟರನ್ನು ಹಿಡಿದು ತೆರೆಯುತ್ತವೆ, ಹೊರಬಂದ ಸಕ್ಕರೆ ಬ್ಯಾಕ್ಟೀರಿಯಾಕ್ಕೆ ಆಹಾರ. ಎಕ್ಸ್‌ಎ-13 ಎಂಬ ರೋಗನಿರೋಧಕ ಜೀನ್ ಇರುವ ಭತ್ತದಲ್ಲಿ ಆ ಪ್ರೊಮೋಟರಿನ ಅಕ್ಷರಗಳೇ ಬದಲಾಗಿವೆ. ಬ್ಯಾಕ್ಟೀರಿಯಾದ ಪ್ರೊಟೀನಿಗೆ ಹಿಡಿಯಲು ಜಾಗ ಸಿಗುವುದಿಲ್ಲ.

ಆ್ಯಂಟಿಬಯಾಟಿಕ್ ನಿರೋಧಕತೆಗೂ ಈ ನಿಯಂತ್ರಣಕ್ಕೂ ಸಂಬಂಧವೇನು?

ನಿರೋಧಕ ಜೀನ್ ಇದ್ದರೂ ಅದು ಮುಚ್ಚಿದ ಸ್ಥಿತಿಯಲ್ಲಿ ಇರಬಹುದು, ಔಷಧಿಯೇ ಬಂದು ತೆರೆಯಬಹುದು. ಟೆಟ್ರಾಸೈಕ್ಲಿನ್ನನ್ನು ಹೊರಗೆ ತಳ್ಳುವ ಪಂಪಿನ ಜೀನಿನ ಮೇಲೆ ಟೆಟ್-ಆರ್ ಎಂಬ ದಮನಕ ಕುಳಿತಿರುತ್ತದೆ. ಟೆಟ್ರಾಸೈಕ್ಲಿನ್ ಅದಕ್ಕೇ ಅಂಟಿಕೊಂಡು ಅದನ್ನು ಎಬ್ಬಿಸುತ್ತದೆ.

ಇದಕ್ಕಿಂತ ಮೋಸಗೊಳಿಸುವ ಪ್ರಸಂಗ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ್ದು. ಅದರ ಅರ್ಮ್ ಜೀನ್ ತೆರೆದರೆ ಎರಿತ್ರೊಮೈಸಿನ್, ಕ್ಲಿಂಡಾಮೈಸಿನ್ ಎರಡೂ ನಾಟುವುದಿಲ್ಲ. ಇಲ್ಲಿಯೂ ಟ್ರಿಪ್ಟೊಫಾನಿನಲ್ಲಿ ಕಂಡ ಉಪಾಯವೇ ಇದೆ: ಎರಿತ್ರೊಮೈಸಿನ್ ತಗುಲಿದ ರೈಬೋಸೋಮ್ ನಡುವೆ ನಿಂತಾಗ ಆರ್‌ಎನ್‌ಎಯ ಮಡಿಕೆ ಬಿಚ್ಚಿಕೊಂಡು ನಿರೋಧಕ ಕಿಣ್ವ ತಯಾರಾಗುತ್ತದೆ. ಕ್ಲಿಂಡಾಮೈಸಿನ್ ಒಂದರಿಂದಲೇ ಮಡಿಕೆ ಬಿಚ್ಚುವುದಿಲ್ಲ, ಆದ್ದರಿಂದ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಕ್ಲಿಂಡಾಮೈಸಿನ್ ಹೀರಿಸಿದ ಕಾಗದದ ಬಿಲ್ಲೆಯನ್ನು ಒಂಟಿಯಾಗಿ ಇಟ್ಟು ನೋಡಿದರೆ ಔಷಧಿ ನಾಟುವಂತೆಯೇ ತೋರುತ್ತದೆ. ಎರಡೂ ಬಿಲ್ಲೆಗಳನ್ನು ಹತ್ತಿರ ಹತ್ತಿರ ಇಟ್ಟಾಗ ಕ್ಲಿಂಡಾಮೈಸಿನ್ನಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದುಂಡು ವಲಯ ಎರಿತ್ರೊಮೈಸಿನ್ನಿನ ಕಡೆಗೆ ಚಪ್ಪಟೆಯಾಗಿ, ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುತ್ತದೆ. ಡಿ-ಪರೀಕ್ಷೆ ಎಂಬ ಹೆಸರು ಬಂದದ್ದು ಹಾಗೆ. ಅದನ್ನು ಮಾಡದೆ ಕ್ಲಿಂಡಾಮೈಸಿನ್ ಕೊಟ್ಟರೆ ಚಿಕಿತ್ಸೆ ವಿಫಲವಾಗುವ ಸಂಭವವಿದೆ.

ಈ ತಿಳಿವಳಿಕೆಯಿಂದ ಜನರಿಗೆ ಆದ ಉಪಯೋಗವೇನು?

ಒಂದನ್ನೇ ಹೇಳುವುದಾದರೆ ಇನ್ಸುಲಿನ್. 1978ರಲ್ಲಿ ಮಾನವ ಇನ್ಸುಲಿನ್ನಿನ ಜೀನನ್ನು ಇ. ಕೋಲಿಯಲ್ಲಿ ಇದೇ ಲ್ಯಾಕ್ಟೋಸ್ ಆಪರಾನಿನ ಹಿಡಿತಕ್ಕೆ ಜೋಡಿಸಿ ಕೆಲಸ ಮಾಡಿಸಿದರು. 1982ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಅನುಮತಿ ದೊರೆಯಿತು.

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ನೋಡಲು ಸಾಧ್ಯವೆ?

ಸಾಧ್ಯ. ರೋಗಕಾರಕವಲ್ಲದ ಕೆ-12 ತಳಿ, ಮೂರು ಪ್ರನಾಳಗಳು, ಓಎನ್‌ಪಿಜಿ ಎಂಬ ಬಣ್ಣವಿಲ್ಲದ ವಸ್ತು ಬೇಕು. ಓಎನ್‌ಪಿಜಿಯನ್ನು ಬೀಟಾ-ಗ್ಯಾಲಕ್ಟೋಸಿಡೇಸ್ ಒಡೆದಾಗ ಹಳದಿ ಮೂಡುತ್ತದೆ. ಮೊದಲ ಪ್ರನಾಳಕ್ಕೆ ಗ್ಲಿಸರಾಲ್ ಮಾತ್ರ, ಎರಡನೆಯದಕ್ಕೆ ಗ್ಲಿಸರಾಲ್ ಮತ್ತು ಲ್ಯಾಕ್ಟೋಸ್, ಮೂರನೆಯದಕ್ಕೆ ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಆಹಾರವಾಗಿ ಕೊಟ್ಟು ಬೆಳೆಸಬೇಕು. ಸ್ವಲ್ಪ ಸ್ವಲ್ಪ ಮಾದರಿ ತೆಗೆದು, ಒಂದು ಹನಿ ಟೊಲ್ವೀನ್ ಹಾಕಿ ಅಲುಗಿಸಿ ಪೊರೆ ಸಡಿಲಿಸಿ, ಓಎನ್‌ಪಿಜಿ ಬೆರೆಸಿ ಕಾಯಬೇಕು. ಎರಡನೆಯದು ಮಾತ್ರ ಹಳದಿಯಾಗಬೇಕು.

ಒಂದು ಜುಲೈಯಲ್ಲಿ ನಮ್ಮ ತರಗತಿಯಲ್ಲಿ ಮೂರನೆಯದೂ ಹಳದಿಯಾಯಿತು. ಬೆಳೆಯಲು ಇಟ್ಟ ಸಂಜೆಯೇ ಮಳೆಯ ಕಾರಣ ಮರುದಿನದ ರಜೆ ಘೋಷಣೆಯಾಗಿ, ಪ್ರನಾಳಗಳು ಇನ್‌ಕ್ಯುಬೇಟರಿನಲ್ಲೇ ಉಳಿದಿದ್ದವು. ಚೀಟಿ ಅದಲುಬದಲಾಗಿದೆ ಎಂದು ಕೆಲವರು, ಗ್ಲೂಕೋಸ್ ಹಾಕಲು ಮರೆತಿದ್ದೇವೆ ಎಂದು ಕೆಲವರು ವಾದಿಸಿದರು. ಮುಂದಿನ ವಾರ ಮೂರನೆಯ ಪ್ರನಾಳವನ್ನಷ್ಟೇ ಹೊಸದಾಗಿ ಇಟ್ಟು, ಅರ್ಧ ಗಂಟೆಗೊಮ್ಮೆ ಮಾದರಿ ತೆಗೆದು, ಒಂದು ಹನಿಯನ್ನು ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪರೀಕ್ಷೆಯ ಪಟ್ಟಿಗೆ ಮುಟ್ಟಿಸಿ, ಉಳಿದದ್ದಕ್ಕೆ ಓಎನ್‌ಪಿಜಿ ಹಾಕುತ್ತಾ ಹೋದೆವು. ಮಧ್ಯಾಹ್ನದವರೆಗೂ ಪಟ್ಟಿ ಬಣ್ಣ ತಿರುಗುತ್ತಿತ್ತು, ಪ್ರನಾಳ ತಿಳಿಯಾಗಿತ್ತು. ಪಟ್ಟಿಯ ಬಣ್ಣ ತಿರುಗದೆ ನಿಂತ ಮೇಲೆ ತೆಗೆದ ಮೊದಲ ಮಾದರಿಯಲ್ಲೂ ಹಳದಿಯಿರಲಿಲ್ಲ. ಅದರ ನಂತರದ ಮಾದರಿಯಲ್ಲಿ ನಿಂಬೆಯ ಸಿಪ್ಪೆಯಷ್ಟು ತೆಳುವಾದ ಹಳದಿ ಮೂಡಿತು.